ನೃತ್ಯನಿರ್ದೇಶಕ ಗುರುದತ್ತ

ಕಲಾವಿದನೊಬ್ಬನು ಅಕಾಲದಲ್ಲಿ ತೀರಿಕೊಂಡರೆ, ಆ ಮರಣದ ಛಾಯೆಯು ಹಿಮ್ಮುಖವಾಗಿ ಚಾಚಿಕೊಂಡು, ಅವನು ಉಲ್ಲಾಸದಿಂದ ಮಾಡಿದ ಕೆಲಸವನ್ನೂ ಶೋಕದ ಬಣ್ಣದಲ್ಲಿಯೇ ತೋರಿಸತೊಡಗುವುದುಂಟು. 1964ರ ಅಕ್ಟೋಬರ್ 10ರಂದು, ತಮ್ಮ 39ನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ನಿಧನರಾದ ಗುರುದತ್ತರ ವಿಷಯದಲ್ಲಿ ಆದದ್ದು ಇದೇ. ಅವರ ಹೆಸರೆತ್ತಿದೊಡನೆ ‘ಪ್ಯಾಸಾ’ ಚಿತ್ರದ ತಿರಸ್ಕೃತ ಕವಿಯೂ ‘ಕಾಗಜ್ ಕೆ ಫೂಲ್’ ಚಿತ್ರದ ಭಗ್ನಹೃದಯಿಯಾದ ನಿರ್ದೇಶಕನೂ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುತ್ತಾರೆ. 2025ರ ಜುಲೈ ತಿಂಗಳಲ್ಲಿ ಅವರು ಹುಟ್ಟಿ ನೂರು ವರ್ಷ ತುಂಬಿದ ಸಂದರ್ಭದಲ್ಲಿ ನಾನು ಓದಿದ ಲೇಖನಗಳಲ್ಲಿ ಬಹುಪಾಲು ಈ ಇಬ್ಬರಿಗೆ ಪ್ರದಕ್ಷಿಣೆ ಹಾಕಿಯೇ ಮುಗಿದುವು. ಆದರೆ ಗುರುದತ್ತರು ಚಿತ್ರರಂಗದ ಬಾಗಿಲನ್ನು ತಟ್ಟಿದಾಗ ಅವರ ಕೈಯಲ್ಲಿದ್ದ ವಿದ್ಯೆ ಕುಣಿತದ್ದು. ಹಾಡನ್ನು ಕಥೆಯ ಒಡಲೊಳಗೆ ಸೇರಿಸುವ ಬಗೆ ಯಾವುದು ಎಂಬ ಪ್ರಶ್ನೆಯೇ ಅವರ ವೃತ್ತಿಜೀವನವನ್ನು ಮೊದಲಿನಿಂದ ಕೊನೆಯವರೆಗೆ ಆಳಿತೆಂದೂ, ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರವು ಸಗರನಾಡಿನವರಾದ ನಮಗೆ, ಎಂದರೆ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ದೊಡ್ಡಾಟವನ್ನು ನೋಡುತ್ತ ಬೆಳೆದವರಿಗೆ, ವಿಶೇಷವಾಗಿ ಆಪ್ತವೆನಿಸಬೇಕೆಂದೂ ನನಗೆ ದೃಢವಾಗಿ ತೋರಿದೆ.

ಅವರು ಹುಟ್ಟಿದ್ದು 1925ರ ಜುಲೈ 9ರಂದು, ಬೆಂಗಳೂರಿನಲ್ಲಿ. ಮೊದಲು ಇಟ್ಟ ಹೆಸರು ವಸಂತಕುಮಾರ. ಬಾಲ್ಯದಲ್ಲಿ ಒದಗಿದ ಒಂದು ಅಪಘಾತದ ತರುವಾಯ, ಶುಭಕರವೆಂಬ ನಂಬಿಕೆಯಿಂದ, ಮನೆಯವರು ಗುರುದತ್ತನೆಂದು ಕರೆಯತೊಡಗಿದರು. ಮನೆಮಾತು ಕೊಂಕಣಿ; ಮನೆತನದ ಹೆಸರು ಕುಂದಾಪುರದ ಕಡೆಯ ಪಡುಕೋಣೆ. ತಂದೆ ಶಿವಶಂಕರರಾಯರು. ತಾಯಿ ವಾಸಂತಿ ಪಡುಕೋಣೆಯವರು ಶಾಲೆಯಲ್ಲಿ ಪಾಠ ಹೇಳುತ್ತ, ಸಣ್ಣಕಥೆಗಳನ್ನು ಬರೆಯುತ್ತ, ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುತ್ತಿದ್ದ ವಿದುಷಿ. ಮಗನು ತೀರಿಹೋದ ಮೇಲೆ ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕವನ್ನು ಅವರು ಬರೆದದ್ದೂ ಕನ್ನಡದಲ್ಲಿಯೇ. ಹಿಂದೀ ಚಿತ್ರರಂಗದ ಮಹಾನಿರ್ದೇಶಕರಲ್ಲಿ ಒಬ್ಬರ ವೃತ್ತಾಂತವು ಹೆತ್ತ ತಾಯಿಯ ಕೈಯಿಂದ ನಮ್ಮ ನುಡಿಯಲ್ಲಿ ಲಿಖಿತವಾದದ್ದು ನಮ್ಮ ಭಾಗ್ಯವೆಂದೇ ನಾನು ಎಣಿಸುತ್ತೇನೆ.

ಕುಟುಂಬವು ಕಲ್ಕತ್ತೆಗೆ ಹೋಗಿ ನೆಲಸಿದ್ದರಿಂದ ಹುಡುಗನ ಬಾಲ್ಯವೆಲ್ಲ ಅಲ್ಲಿ ಕಳೆಯಿತು. ಸಂಜೆ ಅಜ್ಜಿಯು ದೀಪ ಹಚ್ಚಿದಾಗ, ಆ ಬೆಳಕಿಗೆ ಬೆರಳುಗಳನ್ನು ಹಿಡಿದು ಗೋಡೆಯ ಮೇಲೆ ನೆರಳಿನ ಆಕೃತಿಗಳನ್ನು ಆಡಿಸುವುದು ಅವನಿಗೆ ಪ್ರಿಯವಾದ ಆಟವಾಗಿತ್ತೆಂದು ತಂಗಿ, ಚಿತ್ರಕಲಾವಿದೆ ಲಲಿತಾ ಲಾಜ್ಮಿಯವರು ಸ್ಮರಿಸಿದ್ದಾರೆ. ಬಂಧುಗಳಾದ ಬಿ.ಬಿ. ಬೆನಗಲ್ ಎಂಬವರು ಆ ಊರಿನಲ್ಲಿ ಚಲನಚಿತ್ರಗಳ ಪೋಸ್ಟರುಗಳನ್ನು ಬರೆಯುವ ಕಲಾಶಾಲೆಯನ್ನು ಇಟ್ಟಿದ್ದರು. ಹಾವೊಂದು ಮೈಸುತ್ತಿಕೊಂಡ ಮನುಷ್ಯನ ಚಿತ್ರವನ್ನು ಅವರು ಬರೆದಿದ್ದುದನ್ನು ಕಂಡು, ಅದರಿಂದ ಪ್ರೇರಿತನಾಗಿ ಹುಡುಗನು ತಾನೇ ಒಂದು ಸರ್ಪನೃತ್ಯವನ್ನು ಕಲ್ಪಿಸಿಕೊಂಡು ಕುಣಿದನು. ಸಾರಸ್ವತ ಸಮಾಜದ ಸಮಾರಂಭವೊಂದರಲ್ಲಿ ಅದಕ್ಕೆ ಐದು ರೂಪಾಯಿಗಳ ಬಹುಮಾನವೂ ಬಂದಿತು. ನಿಶ್ಚಲವಾದ ಚಿತ್ರವೊಂದನ್ನು ನೋಡಿ ಅದರಲ್ಲಿ ಚಲನವನ್ನು ಕಾಣುವ ಈ ದೃಷ್ಟಿಯೇ ಮುಂದೆ ಅವರ ಬದುಕಿನ ಬಂಡವಾಳವಾಯಿತು. ಹುಡುಗನ ಚೈತನ್ಯವನ್ನು ಗುರುತಿಸಿದ ಬೆನಗಲ್ಲರು ಅವನನ್ನು ಉದಯಶಂಕರರ ಬಳಿಗೆ ಕರೆದೊಯ್ದರು.

ಉದಯಶಂಕರರು ಆಗ ಹಿಮಾಲಯದ ಸೆರಗಿನ ಅಲ್ಮೋರದಲ್ಲಿ ತಮ್ಮ ಕಲಾಕೇಂದ್ರವನ್ನು ಸ್ಥಾಪಿಸಿದ್ದರು. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೆ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್, ಹೀಗೆ ಅಂದಿನ ದಿಗ್ಗಜಗಳು ಒಂದೇ ಛತ್ರದಡಿಯಲ್ಲಿ ಬೋಧಿಸುತ್ತಿದ್ದ ಇನ್ನೊಂದು ತಾಣವು ದೇಶದಲ್ಲಿ ಇರಲಿಲ್ಲ. ಆದರೆ ಕೇಂದ್ರದ ವಿಶೇಷವು ಈ ಗುರುಪರಂಪರೆಗಳಷ್ಟರಲ್ಲಿಯೇ ಮುಗಿಯುತ್ತಿರಲಿಲ್ಲ. ಯಾವೊಂದು ಶಾಸ್ತ್ರೀಯ ಸಂಪ್ರದಾಯದಲ್ಲಿಯೂ ಬಾಲ್ಯದಿಂದ ಪಳಗದೆ, ಸ್ವಂತ ಪ್ರತಿಭೆಯಿಂದ ಲೋಕಖ್ಯಾತರಾದ ಉದಯಶಂಕರರು, ನಡೆಯುವುದನ್ನೇ ಒಂದು ವಿದ್ಯೆಯೆಂದು ಕಲಿಸುತ್ತಿದ್ದರು. ಮನುಷ್ಯನು ಹೊಲದಲ್ಲಿ, ಬೀದಿಯಲ್ಲಿ, ಕಾರ್ಖಾನೆಯಲ್ಲಿ ಮೈಯನ್ನು ಹೇಗೆ ಬಾಗಿಸುತ್ತಾನೆ, ಹೇಗೆ ತಿರುಗುತ್ತಾನೆ ಎಂಬುದನ್ನು ನೋಡಿ ಅದರಿಂದ ನೃತ್ಯವನ್ನು ಕಟ್ಟಬೇಕೆಂದು ಹೇಳುತ್ತಿದ್ದರು. ಬಿಳಿಯ ಪರದೆಯ ಹಿಂದೆ ನರ್ತಕರನ್ನು ನಿಲ್ಲಿಸಿ, ರಾಮಲೀಲೆಯನ್ನು ಛಾಯಾನಾಟಕವಾಗಿ ಅಲ್ಲಿನ ಗುಡ್ಡಗಾಡು ಜನಕ್ಕೆ ತೋರಿಸಿದ್ದೂ ಅಲ್ಲಿಯೇ. ಅಜ್ಜಿಯ ದೀಪದ ಮುಂದೆ ಬೆರಳನ್ನಾಡಿಸಿದ ಹುಡುಗನಿಗೆ ಇದಕ್ಕಿಂತ ಯೋಗ್ಯವಾದ ಪಾಠಶಾಲೆ ದೊರೆಯುವಂತಿರಲಿಲ್ಲ. ಮಹಾಯುದ್ಧದ ಬಿಕ್ಕಟ್ಟಿನಲ್ಲಿ 1944ರಲ್ಲಿ ಕೇಂದ್ರವು ಮುಚ್ಚಿತು. ಉದಯಶಂಕರರು ತಮ್ಮ ಕನಸನ್ನೆಲ್ಲ ‘ಕಲ್ಪನಾ’ ಎಂಬ ಚಲನಚಿತ್ರದಲ್ಲಿ ಹಿಡಿದಿಡಲು ಮದರಾಸಿನ ಜೆಮಿನಿ ಸ್ಟುಡಿಯೋ ಸೇರಿದರೆ, ಶಿಷ್ಯನು ಕಲ್ಕತ್ತೆಯ ಕಾರ್ಖಾನೆಯೊಂದರಲ್ಲಿ ಕೆಲವು ಕಾಲ ಟೆಲಿಫೋನ್ ಆಪರೇಟರಾಗಿ ದುಡಿದು, ಅದೇ ವರ್ಷ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಮೂರು ವರ್ಷಗಳ ಕರಾರಿನ ಮೇಲೆ ಸೇರಿದನು.

ಪ್ರಭಾತಿನಲ್ಲಿ ಅವರು ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದರು, ಸಹಾಯಕ ನಿರ್ದೇಶಕರಾದರು, ಮತ್ತು 1946ರಲ್ಲಿ ಪಿ.ಎಲ್. ಸಂತೋಷಿಯವರ ‘ಹಮ್ ಏಕ್ ಹೈಂ’ ಚಿತ್ರಕ್ಕೆ ನೃತ್ಯವನ್ನು ನಿರ್ದೇಶಿಸಿದರು. ದೇವ್ ಆನಂದರ ಮೊದಲ ಚಿತ್ರವೂ ಅದೇ. ಅಗಸನು ಅಂಗಿಗಳನ್ನು ಅದಲುಬದಲು ಮಾಡಿದ್ದರಿಂದ ಪರಿಚಿತರಾದ ಆ ಇಬ್ಬರು ತರುಣರು, ತಾನು ನಿರ್ಮಾಪಕನಾದರೆ ನೀನೇ ನಿರ್ದೇಶಕ, ತಾನು ನಿರ್ದೇಶಿಸಿದರೆ ನೀನೇ ನಾಯಕ ಎಂದು ಪರಸ್ಪರ ಮಾತು ಕೊಟ್ಟುಕೊಂಡ ಪ್ರಸಂಗವು ಚಿತ್ರರಸಿಕರೆಲ್ಲ ಬಲ್ಲ ಕಥೆ.

ಆ ಕಾಲದ ನೃತ್ಯನಿರ್ದೇಶಕನ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತ. ಹಿನ್ನೆಲೆಗಾಯನದ ಪದ್ಧತಿಯಲ್ಲಿ ಹಾಡು ಮೊದಲೇ ಧ್ವನಿಮುದ್ರಿತವಾಗಿರುತ್ತದೆ. ಚಿತ್ರೀಕರಣದ ಅಂಗಳದಲ್ಲಿ ಅದನ್ನು ಧ್ವನಿವರ್ಧಕದಲ್ಲಿ ಹಾಕಿ, ನಟನಟಿಯರು ಅದಕ್ಕೆ ತುಟಿಯಾಡಿಸುತ್ತಾರೆ. ಹಾಡಿನ ಕಾಲಪ್ರಮಾಣವೂ ಲಯವೂ ಮುಂಚಿತವಾಗಿಯೇ ನಿಶ್ಚಿತವಾಗಿರುವುದರಿಂದ, ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿನಲ್ಲಿ ಸಾಗಬೇಕು, ಪಾತ್ರವು ಯಾವ ಅಕ್ಷರಕ್ಕೆ ತಲೆಯೆತ್ತಬೇಕು, ಯಾವ ತಾಳಕ್ಕೆ ದೃಶ್ಯವನ್ನು ಕತ್ತರಿಸಬೇಕು ಎಂಬುದೆಲ್ಲ ಲೆಕ್ಕಾಚಾರದ ವಿಷಯವಾಗುತ್ತದೆ. ಹಲವು ನಿರ್ದೇಶಕರು ಈ ಲೆಕ್ಕದ ಗೊಡವೆಯನ್ನು ನೃತ್ಯನಿರ್ದೇಶಕನಿಗೆ ಒಪ್ಪಿಸಿ, ಹಾಡು ಮುಗಿದ ಮೇಲೆ ಕಥೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಿದ್ದರು. ಹೀಗಾಗಿ ಹಾಡೂ ಕಥೆಯೂ ಎರಡು ಕೈಗಳ ಕೆಲಸವಾಗಿ, ಅವುಗಳ ನಡುವಣ ಬೆಸುಗೆಯ ಗೆರೆಯು ಪ್ರೇಕ್ಷಕನಿಗೆ ಕಾಣದೆ ಹೋಗುತ್ತಿರಲಿಲ್ಲ. ಗುರುದತ್ತರಲ್ಲಿ ಈ ಎರಡು ಕೈಗಳೂ ಒಬ್ಬನವೇ ಆದುವು.

ನಮ್ಮ ನಾಡಿನ ರಂಗಭೂಮಿಯನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ಕಂಪನಿ ನಾಟಕಗಳಲ್ಲಿ ರಂಗಗೀತೆಗೆ ಇದ್ದ ಮಹಿಮೆ ಎಷ್ಟೆಂದರೆ, ನಾಯಕನು ಸಾಯುವ ಸನ್ನಿವೇಶದಲ್ಲಿ ಹಾಡಿದರೂ ಸಭಿಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಅವನು ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯಬೇಕಾಗುತ್ತಿತ್ತೆಂದು ಹಿರಿಯರು ಹೇಳುತ್ತಾರೆ. ಅಲ್ಲಿ ಹಾಡು ಒಂದು ಆಭರಣ. ಕಥೆಯು ನಿಂತು ಅದಕ್ಕೆ ದಾರಿ ಬಿಡುತ್ತಿತ್ತು. ದೊಡ್ಡಾಟದ ರೀತಿಯೇ ಬೇರೆ. ಬಯಲಿನಲ್ಲಿ ಕಟ್ಟಿದ ಅಟ್ಟದ ಮೇಲೆ ವೇಷವು ಕುಣಿಯುತ್ತ ಪ್ರವೇಶಿಸುತ್ತದೆ. ಸಾರಥಿಯು ಯಾರು, ಎತ್ತಣಿಂದ ಬಂದವರು ಎಂದು ವಿಚಾರಿಸುತ್ತಾನೆ. ಹಿಮ್ಮೇಳವು ಪದವನ್ನೆತ್ತುತ್ತದೆ, ವೇಷಧಾರಿಯು ಆ ಪದಕ್ಕೆ ಹೆಜ್ಜೆ ಹಾಕಿ, ಅದು ನಿಂತಲ್ಲಿಂದಲೇ ಮಾತನ್ನು ಹಿಡಿದು ಮುಂದೆ ಸಾಗುತ್ತಾನೆ. ಪದವನ್ನು ತೆಗೆದುಬಿಟ್ಟರೆ ಕಥೆಯಲ್ಲಿ ಕಂದರ ಬೀಳುತ್ತದೆ, ಹೆಜ್ಜೆಯನ್ನು ತೆಗೆದರೆ ಪಾತ್ರದ ಪ್ರತಾಪವೇ ತಿಳಿಯದು. ಮೊಹರಮ್ಮಿನ ಹೆಜ್ಜೆಮೇಳಗಳಲ್ಲಿಯೂ ಇದೇ ನ್ಯಾಯ: ಕರ್ಬಲದ ವೃತ್ತಾಂತವನ್ನು ಕನ್ನಡದ ರಿವಾಯತ ಪದಗಳಲ್ಲಿ ಹಾಡುತ್ತ, ಸಕಲ ಮತದವರೂ ಕೂಡಿ ಹೆಜ್ಜೆಯಿಡುವಾಗ, ಶೋಕವು ಮಾತಿನಲ್ಲಿ ಎಷ್ಟಿದೆಯೋ ಅಷ್ಟೇ ಕಾಲಿನಲ್ಲಿಯೂ ಇರುತ್ತದೆ. ಗುರುದತ್ತರು ದೊಡ್ಡಾಟವನ್ನು ನೋಡಿ ಕಲಿತರೆಂದು ನಾನು ಹೇಳುತ್ತಿಲ್ಲ. ಅವರಿಗೆ ದೊರೆತದ್ದು ಬಂಗಾಳದ ಕೀರ್ತನ, ಜಾತ್ರಾಗಳ ಪರಿಸರ. ಆದರೆ ಹಾಡು, ನಡೆ, ನುಡಿಗಳನ್ನು ಒಂದೇ ಉಸಿರಿನಲ್ಲಿ ಕಾಣುವ ದೇಶೀಯ ರಂಗದೃಷ್ಟಿಯು ಬಂಗಾಳದಲ್ಲಿಯೂ ಸಗರನಾಡಿನಲ್ಲಿಯೂ ಒಂದೇ ಬೇರಿನಿಂದ ಎದ್ದದ್ದು.

ಪ್ರಭಾತಿನ ಕರಾರು ಮುಗಿದ ಬಳಿಕ ಮುಂಬಯಿಯ ಮಾಟುಂಗದಲ್ಲಿ ಅವರು ತಿಂಗಳುಗಟ್ಟಲೆ ನಿರುದ್ಯೋಗಿಯಾಗಿ ಕಳೆದರು. ಮುಂದೆ ‘ಪ್ಯಾಸಾ’ ಆಗಿ ಬೆಳೆದ ಕಥೆಯನ್ನು ಬರೆದದ್ದು ಆ ಬವಣೆಯ ಕಾಲದಲ್ಲಿಯೇ. ಅಮಿಯ ಚಕ್ರವರ್ತಿ, ಜ್ಞಾನ್ ಮುಖರ್ಜಿ ಇವರ ಕೈಕೆಳಗೆ ದುಡಿದ ಮೇಲೆ, ದೇವ್ ಆನಂದರು ಕೊಟ್ಟ ಮಾತನ್ನು ಉಳಿಸಿಕೊಂಡರು: 1951ರಲ್ಲಿ ನವಕೇತನ ಸಂಸ್ಥೆಯ ‘ಬಾಜಿ’ ಗುರುದತ್ತರ ನಿರ್ದೇಶನದಲ್ಲಿ ಹೊರಬಂದಿತು. ಬಲರಾಜ್ ಸಾಹ್ನಿ ಬರೆದ ಜೂಜುಗಾರನ ಕಥೆ. ಸಚಿನ್ ದೇವ್ ಬರ್ಮನ್ನರ ಸಂಗೀತ. ಸಾಹಿರ್ ಲುಧಿಯಾನ್ವಿಯವರು ಗಜಲಿನ ಗಾಂಭೀರ್ಯದಲ್ಲಿ ಬರೆದುಕೊಟ್ಟ ರಚನೆಯೊಂದನ್ನು ಬರ್ಮನ್ನರು ಗಿಟಾರಿನ ಚುರುಕು ಲಯಕ್ಕೆ ಏರಿಸಿದರು. ಗೀತಾ ರಾಯ್ ಅದನ್ನು ಹಾಡಿದರು. ಪರದೆಯ ಮೇಲೆ ಕ್ಲಬ್ಬಿನ ನರ್ತಕಿಯು ಅದನ್ನು ಹಾಡುತ್ತ, ಹಿಂಜರಿಯುವ ನಾಯಕನನ್ನು ಪಣವೊಡ್ಡಲು ಪ್ರೇರಿಸುತ್ತಾಳೆ. ಹಾಡಿನ ಆದಿಯಲ್ಲಿ ಅವನ ಮನಸ್ಸು ಒಂದು ಕಡೆ, ಅಂತ್ಯದಲ್ಲಿ ಇನ್ನೊಂದು ಕಡೆ. ಪ್ರಥಮ ಚಿತ್ರದಲ್ಲಿಯೇ ಹಾಡಿಗೆ ಒಂದು ಕಾರ್ಯವನ್ನು ವಹಿಸುವ ಈ ಅಭ್ಯಾಸವು ಸಿದ್ಧವಾಗಿತ್ತು. ಗೀತಾ ರಾಯ್ ಅವರನ್ನು ಗುರುದತ್ತರು 1953ರ ಮೇ ತಿಂಗಳಲ್ಲಿ ವಿವಾಹವಾದರು.

‘ಬಾಜಿ’ಯ ಕಾಲದಲ್ಲಿಯೇ ಅವರಿಗೆ ದೊರೆತ ಇನ್ನೊಬ್ಬ ಕನ್ನಡಿಗರ ವಿಷಯವನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಕಲಿತ ವಿ.ಕೆ. ಮೂರ್ತಿಯವರು ಆ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದರು. ಹಾಡಿನ ದೃಶ್ಯವೊಂದರಲ್ಲಿ ಕನ್ನಡಿಯ ಪ್ರತಿಬಿಂಬದಿಂದ ಹೊರಟು ಪಾತ್ರವನ್ನು ಹಿಂಬಾಲಿಸುವ ಕಠಿನವಾದ ಚಲನೆಯೊಂದನ್ನು ಅವರು ಸೂಚಿಸಿ, ತಾವೇ ನಿರ್ವಹಿಸಿ ತೋರಿಸಿದರು. ಅದನ್ನು ಕಂಡ ಗುರುದತ್ತರು ಮುಂದಿನ ಚಿತ್ರಕ್ಕೆ ನೀವೇ ಛಾಯಾಗ್ರಾಹಕರು ಎಂದರು. 1952ರ ‘ಜಾಲ್’ ಚಿತ್ರದಿಂದ ಮೊದಲಾದ ಆ ಸಹಯೋಗವು ಕೊನೆಯವರೆಗೂ ನಡೆಯಿತು. ಮೂರ್ತಿಯವರು ವಯೊಲಿನ್ ನುಡಿಸಬಲ್ಲವರಾಗಿದ್ದರು ಎಂಬುದನ್ನು ನಾನು ಬಹು ಮುಖ್ಯವಾದ ಸಂಗತಿಯೆಂದು ತಿಳಿಯುತ್ತೇನೆ. ಹಾಡಿನ ತಿರುವು ಎಲ್ಲಿ ಬರುವುದೆಂಬುದನ್ನು ಕಿವಿಯಿಂದಲೇ ಅರಿಯಬಲ್ಲ ಛಾಯಾಗ್ರಾಹಕನೂ, ಮೈಯಿಂದಲೇ ಅರಿಯಬಲ್ಲ ನಿರ್ದೇಶಕನೂ ಒಂದೆಡೆ ಸೇರಿದ್ದರಿಂದ, ಟ್ರಾಲಿಯ ಮೇಲಣ ಕ್ಯಾಮೆರಾವು ಆ ಚಿತ್ರಗಳಲ್ಲಿ ತಾನೂ ಒಂದು ಪಾತ್ರದಂತೆ ಲಯಬದ್ಧವಾಗಿ ಹೆಜ್ಜೆಯಿಡುವುದು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಮೂರ್ತಿಯವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅವರು ಕನ್ನಡದಲ್ಲಿ ದುಡಿದದ್ದು ಬಹಳ ತಡವಾಗಿ, 1993ರ ‘ಹೂವು ಹಣ್ಣು’ ಚಿತ್ರದಲ್ಲಿ.

ಮೊದಲ ನಾಯಕಪಾತ್ರವನ್ನು ವಹಿಸಿದ ‘ಬಾಜ್’ ಸೋತಿತು. ಅದರ ಮಾತು ಇಲ್ಲಿ ಬೇಡ. 1954ರ ‘ಆರ್ ಪಾರ್’ ಮತ್ತು 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಎಂಬ ಎರಡು ವಿನೋದಚಿತ್ರಗಳನ್ನು ಮಾತ್ರ, ಶೋಕಚಿತ್ರಗಳ ಮುಂದೆ ಇವು ಹಗುರವಾದವೆಂದು ವಿಮರ್ಶಕರು ಬದಿಗಿರಿಸುವುದನ್ನು ಕಂಡಾಗ ನನಗೆ ಖೇದವಾಗುತ್ತದೆ. ‘ಆರ್ ಪಾರ್’ ಚಿತ್ರದ ನಾಯಕನು ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಟ್ಯಾಕ್ಸಿ ಚಾಲಕ. ಅವನು ಗ್ಯಾರೇಜಿನಲ್ಲಿ, ಬಿಚ್ಚಿಹಾಕಿದ ಮೋಟಾರುಗಳ ನಡುವೆ, ಒಡೆಯನ ಮಗಳನ್ನು ಮಾತನಾಡಿಸುತ್ತ ಮಾತನಾಡಿಸುತ್ತ, ವಾದ್ಯಗಳ ಪೀಠಿಕೆಗೂ ಕಾಯದೆ, ಹಾಡಿನೊಳಕ್ಕೆ ನಡೆದುಬಿಡುತ್ತಾನೆ. ಅವಳೂ ಹಾಡಿನಲ್ಲಿಯೇ ಎದುರುತ್ತರ ಕೊಡುತ್ತಾಳೆ. ಹಾಡಿಗೆ ಮುಂಚೆ ವಾದ್ಯವೃಂದವು ಮೊಳಗಿ, ಇದೀಗ ಹಾಡು ಬರುವುದೆಂದು ಸಾರುವ ರೂಢಿಯನ್ನು ಗುರುದತ್ತರು ಹಲವು ಕಡೆ ಹೀಗೆ ಕೈಬಿಟ್ಟರು. ನುಡಿಯ ಕೊನೆಯ ಅಕ್ಷರವೂ ಹಾಡಿನ ಮೊದಲ ಅಕ್ಷರವೂ ಕೂಡಿಕೊಂಡಿರುವುದರಿಂದ, ಯಾವಾಗ ಹಾಡು ಆರಂಭವಾಯಿತೆಂದು ನಾವು ವಿವೇಚಿಸುವ ಮೊದಲೇ ಅದು ಅರ್ಧ ಮುಗಿದಿರುತ್ತದೆ. ಅದೇ ಚಿತ್ರದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕೂಲಿಯ ಹೆಂಗಸೊಬ್ಬಳು, ಕಥೆಗೆ ಯಾವ ಸಂಬಂಧವೂ ಇಲ್ಲದವಳು, ಶಂಶಾದ್ ಬೇಗಮರ ಕಂಠದಲ್ಲಿ ಹಾಡುತ್ತ, ನಾಯಕನಾಯಿಕೆಯರ ಮನಸ್ಸಿನಲ್ಲಿ ನಡೆಯುತ್ತಿರುವುದನ್ನು ನಮಗೆ ಅರುಹುತ್ತಾಳೆ. ನಮ್ಮ ಆಟದ ಸಾರಥಿಯು ಮಾಡುವ ಕೆಲಸವೂ ಇದೇ ಅಲ್ಲವೆ?

‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರದ ನಾಯಕನು ವ್ಯಂಗ್ಯಚಿತ್ರಕಾರ. ಅವನ ಹೆಸರಿನಲ್ಲಿ ತೆರೆಯ ಮೇಲೆ ಕಾಣುವ ವ್ಯಂಗ್ಯಚಿತ್ರಗಳು ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣರ ಕೈಯವು. ಅದರಲ್ಲಿ ಕಚೇರಿಯ ಮೇಜುಕುರ್ಚಿಗಳ ನಡುವೆ ಜಾನಿ ವಾಕರ್ ತನ್ನ ಪ್ರೇಯಸಿಯೊಡನೆ ಹಾಡುವ ಪ್ರಸಂಗವೊಂದಿದೆ. ಕಳೆದುಹೋದ ಹೃದಯವನ್ನು ಹುಡುಕುವ ನೆವದಿಂದ ಅವರು ಮೇಜಿನ ಕೆಳಗೆ ಬಗ್ಗುವುದು, ಕಾಗದಪತ್ರಗಳನ್ನು ಸರಿಸುವುದು, ಕುರ್ಚಿಯನ್ನು ತಿರುಗಿಸುವುದು, ಇವಿಷ್ಟೇ ಅಲ್ಲಿನ ನೃತ್ಯ. ಗಜ್ಜೆಯಿಲ್ಲ, ಮುದ್ರೆಯಿಲ್ಲ, ಸಾಲಾಗಿ ನಿಂತ ಸಖಿಯರಿಲ್ಲ. ದಿನನಿತ್ಯದ ಕಾಯಚೇಷ್ಟೆಗಳಿಂದಲೇ ಕುಣಿತವನ್ನು ಕಟ್ಟಬೇಕೆಂಬ ಅಲ್ಮೋರದ ಪಾಠವನ್ನು ಇಷ್ಟು ನಗುಮುಖದಿಂದ ಒಪ್ಪಿಸಿದ ದೃಶ್ಯವು ನಮ್ಮ ದೇಶದ ಚಿತ್ರಗಳಲ್ಲಿ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ. ಜಾನಿ ವಾಕರ್ ಎಂಬ ಆ ನಟನು ಮೊದಲು ಮುಂಬಯಿಯ ಬಸ್ ಕಂಡಕ್ಟರಾಗಿದ್ದವನು. ಊರಿನ ಜನರ ನಡೆಯನ್ನೂ ನಿಲುವನ್ನೂ ಅವನಿಗಿಂತ ಬಲ್ಲವರಾರು?

‘ಆರ್ ಪಾರ್’ ತೆರೆಕಂಡ ವರ್ಷದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಇನ್ನೂ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದುವು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆಯೂ ಶಾಲೆಯ ಭಾಷೆಯೂ ಉರ್ದುವಾಗಿತ್ತು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನೊಡನೆ ಕೂಡಿಕೊಂಡ ಮೇಲೆಯೂ, ಆ ತಲೆಮಾರಿನ ಪಟೇಲ, ಕುಲಕರ್ಣಿ, ವಕೀಲ, ವ್ಯಾಪಾರಸ್ಥರ ಬಾಯಲ್ಲಿ ಉರ್ದು ಸುಲಲಿತವಾಗಿ ಆಡುತ್ತಿತ್ತು. ಬಲಾತ್ಕಾರದಿಂದ ಕಲಿತ ನುಡಿಯೇ ಆದರೂ, ಅದರಿಂದ ಒಂದು ಅನಿರೀಕ್ಷಿತ ಸಂಪತ್ತು ಲಭಿಸಿತು: ಸಾಹಿರ್, ಮಜರೂಹ್ ಸುಲ್ತಾನ್‌ಪುರಿ, ಕೈಫಿ ಆಜ್ಮಿ, ಶಕೀಲ್ ಬದಾಯೂನಿ ಮೊದಲಾದ ಕವಿಗಳು ಗುರುದತ್ತರ ಚಿತ್ರಗಳಿಗೆ ಬರೆದ ಹಾಡುಗಳಲ್ಲಿ ಸ್ವರದ ಇಂಪನ್ನಷ್ಟೇ ಅಲ್ಲದೆ ಶಬ್ದದ ತೀಕ್ಷ್ಣತೆಯನ್ನೂ ನಮ್ಮ ಹಿರಿಯರು ಸವಿಯಬಲ್ಲವರಾಗಿದ್ದರು. 1952ರಲ್ಲಿ ಆಕಾಶವಾಣಿಯು ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ, ಅದೇ ವರ್ಷದ ಕೊನೆಯಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಮೊದಲಾಗಿ, ದೇಶದ ಮೂಲೆಮೂಲೆಗೂ ಆ ಹಾಡುಗಳನ್ನು ಮುಟ್ಟಿಸಿತು. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುಹಾದಿಯ ಮೇಲಿರುವ ಯಾದಗಿರಿಗೆ ಮುಂಬಯಿಯ ಗಾಳಿಯು ದೂರದ್ದೇನೂ ಆಗಿರಲಿಲ್ಲ.

‘ಪ್ಯಾಸಾ’ 1957ರ ಫೆಬ್ರವರಿಯಲ್ಲಿ ಬಂದಿತು. ಅದರ ಕಟುವಾದ ಸಾಮಾಜಿಕ ದೃಷ್ಟಿಯ ವಿಷಯವಾಗಿ ಸಾಕಷ್ಟು ಬರೆದಿದ್ದಾರೆ. ನಾನು ಒಂದು ಹಾಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅಣ್ಣಂದಿರು ರದ್ದಿಗೆ ಮಾರಿದ ತನ್ನ ಕವಿತೆಗಳನ್ನು ಹುಡುಕುತ್ತಿರುವ ವಿಜಯನೆಂಬ ಕವಿಯು, ರಾತ್ರಿಯ ಹೊತ್ತಿನಲ್ಲಿ ತನ್ನದೇ ಪದ್ಯವನ್ನು ಒಬ್ಬ ಅಪರಿಚಿತ ಹೆಣ್ಣಿನ ಬಾಯಲ್ಲಿ ಕೇಳಿ ಬೆರಗಾಗಿ ಅವಳ ಹಿಂದೆ ಹೊರಡುತ್ತಾನೆ. ಅವಳು ಗುಲಾಬೊ, ದೇಹವನ್ನು ಮಾರಿ ಬದುಕುವವಳು. ಇವನು ಗಿರಾಕಿಯೆಂದೇ ಭಾವಿಸಿ, ಬಾ ಎಂಬಂತೆ ನಗುತ್ತ ಮುಂದೆ ಮುಂದೆ ನಡೆಯುತ್ತಾಳೆ. ಬರ್ಮನ್ನರ ಸ್ವರ, ಗೀತಾ ದತ್ತರ ಕಂಠ, ವಹೀದಾ ರೆಹಮಾನರ ನಡೆ. ಅವಳು ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾಳೆ, ಹಿಂದಿರುಗಿ ನೋಡುತ್ತಾಳೆ, ಕಂಬದ ಮರೆಗೆ ಸರಿಯುತ್ತಾಳೆ, ಇವನು ಹತ್ತಿರ ಬಂದನೆನ್ನುವಷ್ಟರಲ್ಲಿ ಜಾರಿಹೋಗುತ್ತಾಳೆ. ಬಾಲ್ಯದಿಂದ ಭರತನಾಟ್ಯವನ್ನು ಕಲಿತ ನಟಿಯಿಂದ ಒಂದು ಅಡವನ್ನೂ ಮಾಡಿಸದೆ, ಅವಳ ನಡಿಗೆಯ ನಿಲುಗಡೆಗಳಲ್ಲಿಯೇ ಇಡೀ ನೃತ್ಯವನ್ನು ಅಡಗಿಸಿದ್ದು ಆ ಕಲೆಯನ್ನು ಸ್ವತಃ ಬಲ್ಲವನಿಗೆ ಮಾತ್ರ ಸಾಧ್ಯವಾದ ಸಂಯಮ. ಇವನು ಯಾರನ್ನೋ ಕಾಣುತ್ತಿದ್ದಾನೆ, ಅವಳು ಯಾರನ್ನೋ ಕರೆಯುತ್ತಿದ್ದಾಳೆ. ಇಬ್ಬರ ತಪ್ಪು ತಿಳಿವಳಿಕೆಯೂ ಹಾಡಿನ ಅವಧಿಯಲ್ಲಿ ಬೆಳೆದು, ಅದು ಮುಗಿದೊಡನೆ ಒಡೆದು, ಕಥೆಯು ಮುಂದಕ್ಕೆ ನೆಗೆಯುತ್ತದೆ. ಅದೇ ಚಿತ್ರದಲ್ಲಿ ಇನ್ನೊಂದೆಡೆ, ಬೀದಿಯಲ್ಲಿ ಹಾಡುವ ವೈಷ್ಣವ ಗಾಯಿಕೆಯ ಕೀರ್ತನವನ್ನು ಕೇಳುತ್ತ ಗುಲಾಬೊ ಮಾಳಿಗೆಯ ಮೇಲೆ ಒಂಟಿಯಾಗಿ ನಿಂತ ವಿಜಯನ ಬಳಿಗೆ ಬರುತ್ತಾಳೆ, ಮುಟ್ಟಲಾರದೆ ಹಿಂತಿರುಗುತ್ತಾಳೆ. ರಾಧೆಯ ವಿರಹವು ಬೀದಿಯವಳ ವಿರಹವಾಗಿಬಿಡುತ್ತದೆ. ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ, ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿಯ ಮೇಲೆ ಕೇಳಿದವರಿಗೆ, ಪರಮಾರ್ಥದ ಪದವೊಂದು ಕೇಳುಗನ ಸ್ವಂತ ಸಂಕಟವಾಗಿ ಮಾರ್ಪಡುವ ಬಗೆಯನ್ನು ನಾನು ವಿವರಿಸಬೇಕಾದದ್ದಿಲ್ಲ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಬರಿದಾದ ಸ್ಟುಡಿಯೋದ ಕತ್ತಲಿನಲ್ಲಿ ಮೇಲಿನಿಂದ ಬೆಳಕಿನ ಸ್ತಂಭವೊಂದು ಇಳಿಯುತ್ತದೆ; ಮೂರ್ತಿಯವರು ಕನ್ನಡಿಗಳನ್ನಿಟ್ಟು ಹೊರಗಣ ಸೂರ್ಯನನ್ನೇ ಒಳಕ್ಕೆ ತಂದು ಅದನ್ನು ಸಾಧಿಸಿದರು. ನಾಯಕನೂ ನಾಯಿಕೆಯೂ ದೂರ ದೂರ ನಿಂತಿದ್ದಾರೆ. ಇಬ್ಬರೂ ತುಟಿಯಾಡಿಸುವುದಿಲ್ಲ, ಹಾಡು ಎಲ್ಲಿಂದಲೋ ಕೇಳಿಬರುತ್ತದೆ. ಅವರ ದೇಹಗಳು ಕದಲದಿರುವಾಗ, ಆ ದೇಹಗಳಿಂದ ಛಾಯಾರೂಪಗಳೆರಡು ಹೊರಟು ಬೆಳಕಿನಲ್ಲಿ ಒಂದನ್ನೊಂದು ಸಮೀಪಿಸುತ್ತವೆ. ಕ್ಯಾಮೆರಾ ಮಾತ್ರ ಚಲಿಸುತ್ತಿದ್ದು, ಮನುಷ್ಯರು ಸ್ತಬ್ಧರಾಗಿರುವ ಈ ದೃಶ್ಯವನ್ನೂ ನಾನು ನೃತ್ಯವೆಂದೇ ಕರೆಯುತ್ತೇನೆ. ಚಿತ್ರವು ಸೋತಿತು, ಆ ಬಳಿಕ ಅವರು ನಿರ್ದೇಶಕನೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ.

ಪಶ್ಚಿಮದಲ್ಲಿಯೂ ನೃತ್ಯನಿರ್ದೇಶನದಿಂದ ಚಿತ್ರನಿರ್ದೇಶನಕ್ಕೆ ಬಂದ ಪ್ರತಿಭಾವಂತರುಂಟು. ಬಸ್ಬಿ ಬರ್ಕ್ಲಿ 1930ರ ದಶಕದ ಹಾಲಿವುಡ್ಡಿನಲ್ಲಿ ಕ್ಯಾಮೆರಾವನ್ನು ಮೇಲಕ್ಕೇರಿಸಿ, ನೂರಾರು ನರ್ತಕಿಯರನ್ನು ರಂಗವಲ್ಲಿಯ ಎಳೆಗಳಂತೆ ಬಿಡಿಸಿದನು. ಅಲ್ಲಿ ವ್ಯಕ್ತಿಯು ಕಾಣೆಯಾಗಿ ವಿನ್ಯಾಸವು ಉಳಿಯಿತು. ಬಾಬ್ ಫಾಸಿ 1972ರ ‘ಕ್ಯಾಬರೆ’ ಚಿತ್ರದಲ್ಲಿ ಹಾಡುಗಳನ್ನು ಬಹುಮಟ್ಟಿಗೆ ಕ್ಲಬ್ಬಿನ ವೇದಿಕೆಗೇ ಸೀಮಿತಗೊಳಿಸಿ, ಹೊರಗಣ ಬದುಕಿನಲ್ಲಿ ಜನರು ಇದ್ದಕ್ಕಿದ್ದಂತೆ ಹಾಡುವುದು ಅಸಹಜವೆಂಬ ಆಕ್ಷೇಪವನ್ನು ಜಾಣ್ಮೆಯಿಂದ ಪರಿಹರಿಸಿಕೊಂಡನು. ಗುರುದತ್ತರಿಗೆ ಆ ಆಕ್ಷೇಪವೇ ಇರಲಿಲ್ಲ. ಬೀದಿ, ಗ್ಯಾರೇಜು, ಕಚೇರಿ, ಮಾಳಿಗೆ, ಎಲ್ಲಿಯಾದರೂ ಮನುಷ್ಯನ ಮಾತು ತುಂಬಿ ಬಂದಾಗ ಅದು ಹಾಡಾಗಬಹುದೆಂದು ನಂಬಿದ ಜನಪದದಿಂದ ಅವರು ಬಂದವರು. ಕನ್ನಡನಾಡಿನಿಂದ ಅದೇ ಹಾದಿಯಲ್ಲಿ ನಡೆದವರು ಮುಂದೆಯೂ ಇದ್ದಾರೆ: ಮೂಗೂರು ಸುಂದರರ ಮಗ, ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವರು ನೃತ್ಯನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, 2005ರಿಂದ ಚಿತ್ರನಿರ್ದೇಶಕರೂ ಆದರು. ಅವರದು ಪಾದಗಳ ಮಿಂಚಿನ ವೇಗ. ಗುರುದತ್ತರದು ಪಾದವನ್ನು ತಡೆದು ನಿಲ್ಲಿಸುವ ವಿದ್ಯೆ.

1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರದ ನಿರ್ದೇಶಕರು ಅಬ್ರಾರ್ ಅಲ್ವಿ. ಹಾಡುಗಳನ್ನು ಮಾತ್ರ ಚಿತ್ರೀಕರಿಸಿದವರು ಗುರುದತ್ತರು ಎಂದು ಅಲ್ವಿಯವರೇ ಹೇಳಿದ್ದಾರೆ. ಹೀಗೆ ಕಡೆಗಾಲದಲ್ಲಿ ಅವರು ಮತ್ತೆ ತಮ್ಮ ಮೊದಲ ಉದ್ಯೋಗಕ್ಕೇ ಬಂದು ನಿಂತರು. ಜಮೀನುದಾರನ ಹವೇಲಿಯಲ್ಲಿ ನರ್ತಕಿಯು ಹಾಡುವ ದೃಶ್ಯದಲ್ಲಿ ಮಿನೂ ಮಮ್ತಾಜರ ಮೇಲೆ ಮಾತ್ರ ಬೆಳಕು ಬಿದ್ದಿದೆ. ಹಿಂದೆ ಕುಣಿಯುವ ಸಖಿಯರು ಆದ್ಯಂತವಾಗಿ ಕಪ್ಪು ನೆರಳುಗಳಾಗಿಯೇ ಉಳಿಯುತ್ತಾರೆ, ಒಬ್ಬಳ ಮುಖದ ಮೇಲೂ ಒಂದು ಕಿರಣ ಬೀಳುವುದಿಲ್ಲ. ತೊಗಲುಗೊಂಬೆಯ ಪರದೆಯನ್ನು ಕಂಡವರು ಈ ದೃಶ್ಯವನ್ನೊಮ್ಮೆ ನೋಡಬೇಕು. ನರ್ತಕರು ಚಲಿಸುತ್ತಲೇ ಇದ್ದು, ಬೆಳಕು ಕದಲದೆ ಇರುವಾಗ, ಯಾರೊಬ್ಬರೂ ತಪ್ಪಿಯೂ ಬೆಳಕಿನ ವೃತ್ತದೊಳಕ್ಕೆ ಕಾಲಿಡದಂತೆ ಹೆಜ್ಜೆಗಳನ್ನು ಎಣಿಸಿ ಕಟ್ಟಬೇಕಾದ ಶ್ರಮವು ಸಾಮಾನ್ಯವಾದುದಲ್ಲ.

ಆ ಚಿತ್ರಕ್ಕೆಂದು ಹೇಮಂತ್ ಕುಮಾರರು ಸ್ವರ ಹಾಕಿ ತಾವೇ ಹಾಡಿದ್ದ ಇನ್ನೊಂದು ಹಾಡಿತ್ತು. ಗಾಡಿಯಲ್ಲಿ ಸಾಗುತ್ತಿರುವಾಗ ಹವೇಲಿಯ ಕಿರಿಸೊಸೆ ಛೋಟೀ ಬಹೂ ಕಥಾನಾಯಕ ಭೂತನಾಥನ ತೊಡೆಯ ಮೇಲೆ ತಲೆಯಿಟ್ಟುಕೊಳ್ಳುವ ಸನ್ನಿವೇಶಕ್ಕೆ ಅದು ಹಿನ್ನೆಲೆಯಾಗಿತ್ತು. ಚಿತ್ರಮಂದಿರದಲ್ಲಿ ಪ್ರೇಕ್ಷಕರು ಆ ಸಲಿಗೆಯನ್ನು ಒಪ್ಪದಿದ್ದುದನ್ನು ಕಂಡು, ಚಿತ್ರವು ಬಿಡುಗಡೆಯಾದ ಮೇಲೆಯೂ ಹಿಂಜರಿಯದೆ, ಗುರುದತ್ತರು ಹಾಡನ್ನೂ ಆ ಭಾಗವನ್ನೂ ತೆಗೆಸಿ, ಬದಲಿಗೆ ಇಬ್ಬರ ನಡುವೆ ಮಾತುಕತೆಯನ್ನಷ್ಟೇ ಉಳಿಸಿದರು. ಒಳ್ಳೆಯ ಹಾಡೊಂದನ್ನು ಅದರ ಇಂಪಿಗಾಗಿ ಉಳಿಸಿಕೊಳ್ಳುವ ಮೋಹವು ಅವರಿಗೆ ಇರಲಿಲ್ಲ. ಕಥೆಯಲ್ಲಿ ಅದಕ್ಕೆ ಸ್ಥಾನ ತಪ್ಪಿತೆಂದಮೇಲೆ ಅದು ಹೋಗಲೇಬೇಕಾಗಿತ್ತು. ಹೇಮಂತ್ ಕುಮಾರರು ಆ ಸ್ವರವನ್ನು ಜೋಪಾನವಾಗಿಟ್ಟುಕೊಂಡು, 1966ರ ‘ಅನುಪಮಾ’ ಚಿತ್ರದಲ್ಲಿ ಬೇರೆ ಸಾಹಿತ್ಯದೊಡನೆ ಮತ್ತೆ ಹಾಡಿದರು.